‘ಬಿಡು’ ಎಂಬ ಬೀಗದ ಕೈ: ಇಂಗ್ಲಿಷಿನ ‘ಮಿಟ್’ ಪದಕುಟುಂಬವನ್ನು ಕನ್ನಡದಿಂದಲೇ ಕಲಿಯುವ ಸಮಗ್ರ ಮಾರ್ಗದರ್ಶಿ

ಮುಂಬಯಿ ಸಮೀಪದ ಡೊಂಬಿವಲಿಯ ನಮ್ಮ ಮನೆಯ ಹೊರಕೋಣೆಯಲ್ಲಿ ಶನಿವಾರ ಸಂಜೆ ಏಳೆಂಟು ಮಂದಿ ಇಂಗ್ಲಿಷ್ ಪಾಠಕ್ಕೆ ಕೂರುತ್ತಾರೆ. ಕೆಲವರು ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ ಈಗ ಕಾಲೇಜಿಗೆ ಸೇರಿದವರು. ಇಬ್ಬರು ಹಗಲೆಲ್ಲ ಹೋಟೆಲಿನ ಗಲ್ಲಾದಲ್ಲಿ ಕೂತು ಸಂಜೆ ಪುಸ್ತಕ ಹಿಡಿಯುವವರು. ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತನಾದ ಮೇಲೆ ಈ ಪಾಠವೇ ನನ್ನ ವಾರದ ದೊಡ್ಡ ಕೆಲಸ.

ಒಂದು ಶನಿವಾರ ಹುಡುಗಿಯೊಬ್ಬಳು ಕೇಳಿದಳು: “ಸರ್, ಅಜ್ಜಿಯನ್ನು ಆಸ್ಪತ್ರೆಗೆ ಅಡ್ಮಿಟ್ ಮಾಡಿದೆವು. ಪಾಠದಲ್ಲಿ ಕಳ್ಳ ತನ್ನ ತಪ್ಪನ್ನು ಅಡ್ಮಿಟ್ ಮಾಡಿದ ಎಂದಿದೆ. ನಾಟಕದ ಟಿಕೇಟಿನ ಮೇಲೆ ‘ಅಡ್ಮಿಟ್ ಒನ್’ ಎಂದಿದೆ. ಮೂರೂ ಒಂದೇ ಪದವೇ?”

ಒಂದೇ ಪದ, ಲ್ಯಾಟಿನ್ ಮೂಲದ್ದು, ಧಾತುವಿನ ಅರ್ಥ ‘ಕಳುಹಿಸು’ ಎಂದು ನಾನು ಓದಿದ್ದನ್ನೇ ಹೇಳಿದೆ. ಅವಳು ತಡಮಾಡದೆ ಕೇಳಿದಳು: “ಹಾಗಾದರೆ ಕಳ್ಳ ತಪ್ಪನ್ನು ಎಲ್ಲಿಗೆ ಕಳುಹಿಸಿದ?”

ಅವಳ ಪ್ರಶ್ನೆಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ. ಆ ರಾತ್ರಿ ನಿಘಂಟು ತೆರೆದು ನಿಧಾನವಾಗಿ ಓದಿದಾಗ ಕಂಡಿತು: ಆ ಲ್ಯಾಟಿನ್ ಧಾತುವಿಗೆ ‘ಕಳುಹಿಸು’ ಎಂಬ ಅರ್ಥದ ಜೊತೆಗೆ ‘ಬಿಡು’ ಎಂಬ ಅರ್ಥವೂ ಇದೆ. ಪಠ್ಯಪುಸ್ತಕಗಳು ಮೊದಲನೆಯದನ್ನು ಮಾತ್ರ ಹೇಳಿ ಮುಂದೆ ಹೋಗುತ್ತವೆ. ಕನ್ನಡಿಗರಿಗೆ ನಿಜವಾಗಿ ಉಪಯೋಗಕ್ಕೆ ಬರುವುದು ಎರಡನೆಯದು. ಅಜ್ಜಿಯನ್ನು ಆಸ್ಪತ್ರೆಯವರು ಒಳಗೆ ಬಿಟ್ಟುಕೊಂಡರು. ಟಿಕೇಟು ಇರುವ ಒಬ್ಬನನ್ನು ಒಳಗೆ ಬಿಡಿ ಎನ್ನುತ್ತದೆ ರಂಗಮಂದಿರದ ಚೀಟಿ. ಕಳ್ಳ ಅಷ್ಟು ಹೊತ್ತು ಬಾಗಿಲ ಹೊರಗೆ ನಿಲ್ಲಿಸಿದ್ದ ಸತ್ಯವನ್ನು ಕೊನೆಗೆ ಒಳಗೆ ಬಿಟ್ಟುಕೊಂಡ. ಮೂರು ಅರ್ಥಗಳೂ ಒಂದೇ ಬಾಗಿಲಿಗೆ ಬಂದು ನಿಂತವು.

ಅಂದಿನಿಂದ ಈ ಕುಟುಂಬವನ್ನು ‘ಬಿಡು’ವಿನಿಂದಲೇ ಕಲಿಸುತ್ತಿದ್ದೇನೆ. ನಲವತ್ತಕ್ಕೂ ಹೆಚ್ಚು ಪದಗಳು ಇದರಲ್ಲಿವೆ. ಕಲಿಸುವ ಕ್ರಮವನ್ನು ಇಲ್ಲಿ ಹಾಗೆಯೇ ಬರೆಯುತ್ತಿದ್ದೇನೆ. ಒಂದು ನೋಟುಪುಸ್ತಕ, ಒಂದು ಪೆನ್ನು, ದಿನಕ್ಕೆ ಅರ್ಧ ಗಂಟೆ ಇದ್ದರೆ ಸಾಕು.

ಮೊದಲ ಹೆಜ್ಜೆ: ಧಾತುವಿನ ಎರಡು ಮುಖಗಳನ್ನು ಗುರುತಿಸಿ

ಲ್ಯಾಟಿನ್‌ನಲ್ಲಿ ಕ್ರಿಯಾಪದ ‘ಮಿಟ್ಟೆರೆ’. ‘ಬಿಟ್ಟ, ಕಳುಹಿಸಿದ’ ಎನ್ನಬೇಕಾದಾಗ ಅದು ‘ಮಿಸ್ಸುಸ್’ ಆಗುತ್ತದೆ. ಒಂದರಲ್ಲಿ ‘ಟಿ’, ಇನ್ನೊಂದರಲ್ಲಿ ‘ಎಸ್’ ಏಕೆ ಎಂದು ಗಾಬರಿಯಾಗಬೇಡಿ. ನಮ್ಮಲ್ಲಿಯೂ ‘ನಿಲ್ಲು’ ಎಂಬುದು ‘ನಿಂತ’ ಆಗುತ್ತದೆ, ‘ಬೀಳು’ ಎಂಬುದು ‘ಬಿದ್ದ’ ಆಗುತ್ತದೆ. ರೂಪ ಬದಲಾದರೂ ನಂಟು ಉಳಿಯುತ್ತದೆ.

ಇಂಗ್ಲಿಷಿಗೆ ಎರಡೂ ಮುಖಗಳು ಬಂದಿವೆ. ಕೆಲಸವನ್ನು ಹೇಳುವ ಪದಗಳಲ್ಲಿ ಹೆಚ್ಚಾಗಿ ‘ಮಿಟ್’ ಇರುತ್ತದೆ: ಅಡ್ಮಿಟ್, ಪರ್ಮಿಟ್, ಸಬ್‌ಮಿಟ್. ಆ ಕೆಲಸದ ಹೆಸರಿನಲ್ಲಿ ‘ಮಿಸ್’ ಬರುತ್ತದೆ: ಅಡ್ಮಿಷನ್, ಪರ್ಮಿಷನ್, ಸಬ್‌ಮಿಷನ್. ನೋಟುಪುಸ್ತಕದ ಎಡಪುಟಕ್ಕೆ ‘ಮಿಟ್’ ಎಂದೂ ಬಲಪುಟಕ್ಕೆ ‘ಮಿಸ್’ ಎಂದೂ ತಲೆಬರಹ ಕೊಡಿ. ಎಡಗಡೆ ಒಂದು ಪದ ಬರೆದ ಕೂಡಲೇ ಬಲಗಡೆ ಅದರ ಜೋಡಿಯನ್ನು ಹುಡುಕಿ ಬರೆಯಿರಿ. ಆದರೆ ‘ಡಿಸ್ಮಿಸ್’ ಎಂಬುದು ಕ್ರಿಯಾಪದವಾದರೂ ಬಲಪುಟದ ಮುಖ ಹೊತ್ತು ಬರುತ್ತದೆ. ಅದನ್ನು ಪುಟದ ಅಂಚಿನಲ್ಲಿ ಬೇರೆಯಾಗಿ ಗುರುತು ಮಾಡಿಕೊಳ್ಳಿ.

ಎರಡನೆಯ ಹೆಜ್ಜೆ: ಉಪಸರ್ಗವನ್ನು ಸ್ಟೇಷನ್ನಿನ ಬೋರ್ಡಿನಂತೆ ಓದಿ

ಶಾಲೆಯಲ್ಲಿ ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ ಎಂದು ಒಂದೇ ಉಸಿರಿನಲ್ಲಿ ಹೇಳಿಸುತ್ತಿದ್ದರಲ್ಲ, ಅದೇ ಪಾಠ ಇಲ್ಲಿ ಮತ್ತೆ ಬೇಕು. ‘ಹಾರ’ ಒಂದೇ. ಮುಂದೆ ಕೂತ ಒಂದೆರಡು ಅಕ್ಷರ ಅದನ್ನು ಊಟಕ್ಕೂ ಒಯ್ಯುತ್ತದೆ, ಹೊಡೆತಕ್ಕೂ ಒಯ್ಯುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ್ದರಿಂದ ಇಂಗ್ಲಿಷಿನಲ್ಲಿ ಹಿಂದುಳಿದೆವು ಎಂದು ಕೊರಗುವ ಮಕ್ಕಳಿಗೆ ನಾನು ಮೊದಲು ಹೇಳುವುದೇ ಇದನ್ನು: ಈ ಪದಗಳ ಒಳಯಂತ್ರ ನಿಮಗೆ ಆರನೆಯ ತರಗತಿಯಲ್ಲೇ ಗೊತ್ತಾಗಿದೆ.

ಮುಂಬಯಿಯವರಿಗೆ ಇನ್ನೂ ಹತ್ತಿರದ ಹೋಲಿಕೆ ದಾದರ್ ರೈಲು ಸ್ಟೇಷನ್. ಪ್ಲಾಟ್‌ಫಾರ್ಮಿಗೆ ಬರುವ ಲೋಕಲ್‌ಗಳೆಲ್ಲ ನೋಡಲು ಒಂದೇ ತರಹ. ಯಾವುದು ವಿರಾರಿಗೆ, ಯಾವುದು ಕಲ್ಯಾಣಕ್ಕೆ ಎಂದು ಹೇಳುವುದು ಇಂಡಿಕೇಟರ್ ಬೋರ್ಡು. ‘ಮಿಟ್’ ಆ ಗಾಡಿ, ಉಪಸರ್ಗ ಅದರ ಬೋರ್ಡು. ಬೋರ್ಡು ಓದದೆ ಗಾಡಿ ಹತ್ತಬಾರದು.

ಪುಸ್ತಕದ ಮೊದಲ ಪುಟದಲ್ಲಿ ಇವನ್ನು ಬರೆದುಕೊಳ್ಳಿ. ‘ಅಡ್’ ಎಂದರೆ ಕಡೆಗೆ. ‘ಎಕ್ಸ್’ ಅಥವಾ ಬರಿಯ ‘ಎ’ ಎಂದರೆ ಹೊರಗೆ. ‘ಪರ್’ ಎಂದರೆ ಮೂಲಕ ಹಾದು. ‘ಸಬ್’ ಎಂದರೆ ಕೆಳಗೆ. ‘ಟ್ರಾನ್ಸ್’ ಎಂದರೆ ಆಚೆಗೆ. ‘ಇಂಟರ್’ ಎಂದರೆ ನಡುವೆ. ‘ರಿ’ ಎಂದರೆ ಹಿಂದಕ್ಕೆ. ‘ಪ್ರೊ’ ಎಂದರೆ ಮುಂದಕ್ಕೆ. ‘ಪ್ರಿ’ ಎಂದರೆ ಮೊದಲೇ. ‘ಕಾಮ್’ ಎಂದರೆ ಜೊತೆಗೆ. ‘ಡಿಸ್’ ಎಂದರೆ ದೂರಕ್ಕೆ. ಇವುಗಳಲ್ಲಿ ‘ಪ್ರೊ’ ನಮ್ಮ ‘ಪ್ರ’ದ, ‘ಇಂಟರ್’ ನಮ್ಮ ‘ಅಂತರ್’ನ, ‘ಸಬ್’ ನಮ್ಮ ‘ಉಪ’ದ, ‘ಪರ್’ ನಮ್ಮ ‘ಪರಿ’ಯ ದೂರದ ಒಡಹುಟ್ಟುಗಳು. ಲ್ಯಾಟಿನ್ ಮತ್ತು ಸಂಸ್ಕೃತ ಒಂದೇ ಭಾಷಾಕುಟುಂಬದವಾದ್ದರಿಂದ ಈ ಹೋಲಿಕೆ ಆಕಸ್ಮಿಕವಲ್ಲ.

ಮೂರನೆಯ ಹೆಜ್ಜೆ: ಪ್ರತಿ ಪದಕ್ಕೂ ‘ಬಿಡು’ ಹಚ್ಚಿ ನೋಡಿ

ಈಗ ಮುಖ್ಯ ಕೆಲಸ. ಪದವನ್ನು ಉಪಸರ್ಗ ಮತ್ತು ಧಾತು ಎಂದು ಸೀಳಿ, ಧಾತುವಿನ ಜಾಗದಲ್ಲಿ ‘ಬಿಡು’ ಇಟ್ಟು ಕನ್ನಡದಲ್ಲಿ ಓದಿ. ಅರ್ಥ ತಾನಾಗಿ ಬರುವುದನ್ನು ನೋಡಿ.

‘ಎಮಿಟ್’ ಎಂದರೆ ಹೊರಗೆ ಬಿಡು. ರಿಕ್ಷಾ ಹೊಗೆ ಬಿಡುತ್ತದೆ, ದೀಪ ಬೆಳಕು ಬಿಡುತ್ತದೆ. ವಾಹನದ ಮಾಲಿನ್ಯ ತಪಾಸಣೆಯ ಚೀಟಿಯಲ್ಲಿ ಕಾಣುವ ‘ಎಮಿಷನ್’ ಇದೇ. ದೇಶವೊಂದು ತನ್ನ ಕೆಲಸಕ್ಕಾಗಿ ಹೊರಗೆ ಕಳುಹಿಸುವ ದೂತನಿಗೆ ‘ಎಮಿಸರಿ’ ಎನ್ನುವುದೂ ಈ ಕಾರಣಕ್ಕೆ.

‘ಪರ್ಮಿಟ್’ ಎಂದರೆ ಹಾದುಹೋಗಲು ಬಿಡು. ಮುಂಬಯಿಯಲ್ಲಿ ಈ ಪದ ಕಾಣಲು ಪುಸ್ತಕ ತೆರೆಯಬೇಕಾಗಿಲ್ಲ. ‘ಪರ್ಮಿಟ್ ರೂಮ್’ ಎಂಬ ಫಲಕ ರಸ್ತೆರಸ್ತೆಗೆ ಇದೆ, ಅವುಗಳಲ್ಲಿ ಎಷ್ಟೋ ನಮ್ಮ ಕರಾವಳಿಯವರು ನಡೆಸುವಂಥವು. 1949ರ ಬಾಂಬೆ ಪಾನನಿರೋಧ ಕಾಯ್ದೆಯ ಪ್ರಕಾರ ಮದ್ಯ ಕುಡಿಯಲು ಪರವಾನಗಿ ಬೇಕು. ಪರವಾನಗಿ ಇರುವವರು ಕೂರುವ ಕೋಣೆಗೆ ಆ ಹೆಸರು ಬಂತು. ಉಚ್ಚಾರಣೆಯಲ್ಲಿ ಒಂದು ಸೂಕ್ಷ್ಮವಿದೆ: ಪರವಾನಗಿ ಚೀಟಿಯನ್ನು ಹೇಳುವಾಗ ಒತ್ತು ‘ಪರ್’ ಮೇಲೆ ಬೀಳುತ್ತದೆ, ಅನುಮತಿ ಕೊಡುವ ಕ್ರಿಯೆಯನ್ನು ಹೇಳುವಾಗ ‘ಮಿಟ್’ ಮೇಲೆ.

‘ಒಮಿಟ್’ ಎಂದರೆ ಕೈಬಿಡು. ಅರ್ಜಿಯಲ್ಲಿ ಒಂದು ಸಾಲು ಬಿಟ್ಟುಹೋದರೆ ಅದು ‘ಒಮಿಷನ್’. ಬ್ಯಾಂಕಿನ ಕಾಗದಗಳ ತಳದಲ್ಲಿ ‘ಎರರ್ಸ್ ಅಂಡ್ ಒಮಿಷನ್ಸ್’ ಎಂದಿರುತ್ತದೆ, ಅಂದರೆ ತಪ್ಪು ಬರೆದದ್ದು ಮತ್ತು ಬಿಟ್ಟುಹೋದದ್ದು.

‘ಡಿಸ್ಮಿಸ್’ ಎಂದರೆ ದೂರ ಕಳುಹಿಸು. ನ್ಯಾಯಾಲಯ ಅರ್ಜಿಯನ್ನು ವಜಾ ಮಾಡಿದರೂ, ಮಾಲೀಕ ಕೆಲಸದಿಂದ ತೆಗೆದರೂ, ವಾಂಖೆಡೆಯಲ್ಲಿ ಬ್ಯಾಟರ್ ಔಟಾದರೂ ಇಂಗ್ಲಿಷಿನವರಿಗೆ ಒಂದೇ ಪದ. ಕನ್ನಡದ ಕ್ರಿಕೆಟ್ ವರದಿಗಾರರು ‘ಪೆವಿಲಿಯನ್‌ಗೆ ಕಳುಹಿಸಿದರು’ ಎಂದು ಬರೆಯುವಾಗ ಲ್ಯಾಟಿನ್ನಿನ ಮೂಲಾರ್ಥವನ್ನೇ ಬರೆಯುತ್ತಿರುತ್ತಾರೆ.

‘ಸಬ್‌ಮಿಟ್’ ಎಂದರೆ ಇನ್ನೊಬ್ಬರ ಕೈಕೆಳಗೆ ಬಿಡು. ಪುಣೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸೆಮಿಸ್ಟರಿನ ಕೊನೆಗೆ ‘ಸಬ್‌ಮಿಷನ್’ ಎಂಬ ಪದ ಕೇಳಿದರೆ ಹಾಸ್ಟೆಲಿನ ದೀಪಗಳು ಬೆಳಗಿನವರೆಗೆ ಉರಿಯುತ್ತವೆ. ಕಡತ ಒಪ್ಪಿಸುವುದಕ್ಕೂ ಶರಣಾಗುವುದಕ್ಕೂ ಇದೇ ಪದ. ಎರಡರಲ್ಲೂ ಕೆಳಗಿರುವವನು ಮೇಲಿನವನ ತೀರ್ಮಾನಕ್ಕೆ ತನ್ನದನ್ನು ಬಿಟ್ಟುಕೊಡುತ್ತಾನೆ.

‘ಟ್ರಾನ್ಸ್‌ಮಿಟ್’ ಸುಲಭ: ಆಚೆಗೆ ಕಳುಹಿಸು. 1927ರ ಜುಲೈಯಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ರೇಡಿಯೋ ಕೇಂದ್ರ ಇದೇ ಮುಂಬಯಿಯಲ್ಲಿ ಆರಂಭವಾದಾಗ ದನಿಯನ್ನು ಗಾಳಿಗೆ ಬಿಟ್ಟದ್ದು ‘ಟ್ರಾನ್ಸ್‌ಮಿಟರ್’. ರೋಗ ಒಬ್ಬರಿಂದ ಒಬ್ಬರಿಗೆ ದಾಟುವುದೂ ‘ಟ್ರಾನ್ಸ್‌ಮಿಷನ್’.

‘ಮಿಸೈಲ್’ ಎಂದರೆ ಬಿಡುವಂಥದ್ದು. ನಾವು ಬಾಣವನ್ನು ಎಸೆಯುವುದಿಲ್ಲ, ಬಾಣ ‘ಬಿಡುತ್ತೇವೆ’. ಇನ್ನು ‘ಮ್ಯಾನುಮಿಟ್’ ಎಂಬ ಅಪರೂಪದ ಪದವಿದೆ. ‘ಮಾನುಸ್’ ಎಂದರೆ ಕೈ. ರೋಮಿನಲ್ಲಿ ಒಡೆಯನು ಗುಲಾಮನನ್ನು ಸ್ವತಂತ್ರಗೊಳಿಸುವುದಕ್ಕೆ ಈ ಹೆಸರು: ಕೈಯಿಂದ ಬಿಡು. ಅನುವಾದವೇ ಬೇಡದ ಪದ.

ನನಗೆ ಈ ಗುಂಪಿನಲ್ಲಿ ಅತ್ಯಂತ ಪ್ರೀತಿಯದು ‘ಇಂಟರ್‌ಮಿಟೆಂಟ್’. ಪದಶಃ ‘ನಡುನಡುವೆ ಬಿಡುವ’. ಮಲೇರಿಯಾ ಜ್ವರವನ್ನು ವೈದ್ಯರು ‘ಇಂಟರ್‌ಮಿಟೆಂಟ್ ಫೀವರ್’ ಎನ್ನುತ್ತಾರೆ. ಊರಿನಲ್ಲಿ ನನ್ನ ಅಜ್ಜಿ ಹೇಳುತ್ತಿದ್ದದ್ದು ‘ಬಿಟ್ಟು ಬಿಟ್ಟು ಬರುವ ಜ್ವರ’. ಲ್ಯಾಟಿನ್ ಬಾರದ ಅಜ್ಜಿ ಅದೇ ಧಾತುವನ್ನು ಅದೇ ಜಾಗದಲ್ಲಿ ಇಟ್ಟಿದ್ದಳು. ಇದರ ವಿರುದ್ಧ ಪದ ‘ಅನ್‌ರಿಮಿಟಿಂಗ್’. ಅದಕ್ಕೆ ಕನ್ನಡ ‘ಎಡೆಬಿಡದ’. ಜುಲೈಯಲ್ಲಿ ಎಡೆಬಿಡದ ಮಳೆಗೆ ಕುರ್ಲಾದ ಹಳಿಗಳು ಮುಳುಗಿದ ಸುದ್ದಿಯನ್ನು ಇಂಗ್ಲಿಷ್ ಪತ್ರಿಕೆಯಲ್ಲಿ ಓದುವಾಗ ಆ ಪದಕ್ಕಾಗಿ ಕಣ್ಣಿಟ್ಟಿರಿ.

ನಾಲ್ಕನೆಯ ಹೆಜ್ಜೆ: ‘ರಿಮಿಟ್’ ಒಂದಕ್ಕೇ ಒಂದು ದಿನ ಕೊಡಿ

ಈ ಒಂದು ಪದ ನಮ್ಮ ಮುಂಬಯಿ ಕನ್ನಡಿಗರ ಬದುಕಿನಲ್ಲಿ ಬಹಳ ಆಳಕ್ಕೆ ಇಳಿದಿದೆ, ಆದ್ದರಿಂದ ಅವಸರ ಮಾಡಬೇಡಿ.

‘ರಿ’ ಎಂದರೆ ಹಿಂದಕ್ಕೆ. ‘ರಿಮಿಟ್’ ಎಂದರೆ ಹಿಂದಕ್ಕೆ ಕಳುಹಿಸು, ಸಡಿಲ ಬಿಡು, ಬಿಟ್ಟುಬಿಡು. ಈಗ ‘ಹಣ ಕಳುಹಿಸು’ ಎಂಬ ಅರ್ಥ ಮುಂದೆ ಬಂದಿದೆ. ಉಡುಪಿ, ಕುಂದಾಪುರದ ಕಡೆಯಿಂದ ಬಂದು ಫೋರ್ಟ್‌ನ ಹೋಟೆಲುಗಳಲ್ಲಿ ಲೋಟ ತೊಳೆಯುತ್ತ ರಾತ್ರಿ ಶಾಲೆಯಲ್ಲಿ ಓದಿದ ಹುಡುಗರು ತಿಂಗಳ ಮೊದಲ ವಾರ ಮಾಡುತ್ತಿದ್ದ ಕೆಲಸ ಇದು. ಬೋರಿಬಂದರಿನ ಪಕ್ಕದ ಪ್ರಧಾನ ಅಂಚೆ ಕಚೇರಿಯ ಸಾಲಿನಲ್ಲಿ ನಾನೂ ನಿಂತಿದ್ದೇನೆ. 1913ರಲ್ಲಿ ಪೂರ್ಣಗೊಂಡ ಆ ಕಟ್ಟಡದ ಗುಮ್ಮಟಕ್ಕೆ ಮಾದರಿ ನಮ್ಮ ವಿಜಯಪುರದ ಗೋಳಗುಮ್ಮಟ. ತಲೆಯ ಮೇಲೆ ಕರ್ನಾಟಕದ ನೆರಳು, ಕೈಯಲ್ಲಿ ಊರಿಗೆ ಹೋಗುವ ಮನಿಯಾರ್ಡರ್ ಫಾರ್ಮು. ಅದರಲ್ಲಿ ಕಳುಹಿಸುವವನ ಜಾಗದಲ್ಲಿದ್ದ ಪದ ‘ರಿಮಿಟರ್’. ಇಂದಿಗೂ ಬ್ಯಾಂಕಿನ ಹಣ ವರ್ಗಾವಣೆಯ ಕಾಗದದಲ್ಲಿ ಆ ಪದ ಉಳಿದಿದೆ. ಕಳುಹಿಸಿದ ಹಣಕ್ಕೆ ‘ರಿಮಿಟೆನ್ಸ್’ ಎನ್ನುತ್ತಾರೆ.

ಆದರೆ ‘ರಿಮಿಷನ್’ ಬೇರೆ. ಅದರಲ್ಲಿ ‘ಬಿಟ್ಟುಬಿಡು’ ಎಂಬ ಅರ್ಥ ಬಲವಾಗಿದೆ. ಕೈದಿಯ ಶಿಕ್ಷೆಯ ಒಂದು ಭಾಗವನ್ನು ಬಿಟ್ಟುಬಿಟ್ಟರೆ ‘ರಿಮಿಷನ್’. ತೆರಿಗೆ ಮನ್ನಾ ಮಾಡಿದರೂ ‘ರಿಮಿಷನ್’. ಕಾಯಿಲೆಗೂ ಇದನ್ನೇ ಹೇಳುತ್ತಾರೆ.

ಕೆಲವು ವರ್ಷಗಳ ಹಿಂದೆ ಗದಗದ ಕಡೆಯ ನಮ್ಮ ಸಂಬಂಧಿಕರೊಬ್ಬರು ಪತ್ನಿಯ ಕ್ಯಾನ್ಸರ್ ಚಿಕಿತ್ಸೆಗೆ ಮುಂಬಯಿಗೆ ಬಂದು ನಮ್ಮ ಮನೆಯಲ್ಲಿದ್ದರು. ಒಂದು ಮಧ್ಯಾಹ್ನ ವರದಿಯ ಕಾಗದ ಹಿಡಿದು ಬಂದವರು ಚಪ್ಪಲಿ ಕಳಚುವುದನ್ನೂ ಮರೆತು ನಿಂತರು. ಕಾಗದದಲ್ಲಿ ‘ಕಂಪ್ಲೀಟ್ ರಿಮಿಷನ್’ ಎಂದಿತ್ತು. “ತಮ್ಮಾ, ‘ಕಂಪ್ಲೀಟ್’ ಅಂದರೆ ಎಲ್ಲಾ ಮುಗಿಯಿತು ಅಂತಲೇ?” ಎಂದು ಕೇಳಿದರು. ಅವರ ಬೆರಳು ಆ ಸಾಲಿನ ಮೇಲೇ ಇತ್ತು, ಕಾಗದ ನಡುಗುತ್ತಿತ್ತು. ನಾನು ಕೇಳಿದೆ: “ಅಣ್ಣಾ, ಜ್ವರ ಹೋದಾಗ ಊರಲ್ಲಿ ಏನೆನ್ನುತ್ತೀರಿ?” “ಜ್ವರ ಬಿಟ್ಟಿತು ಎನ್ನುತ್ತೇವೆ.” “ಇಲ್ಲಿಯೂ ಅದನ್ನೇ ಬರೆದಿದ್ದಾರೆ. ಪರೀಕ್ಷೆಯಲ್ಲಿ ಕಾಯಿಲೆಯ ಗುರುತು ಕಾಣುತ್ತಿಲ್ಲ. ಬಿಟ್ಟಿದೆ.” ಅವರು ಕಾಗದವನ್ನು ಮಡಿಸಿ ಎದೆಯ ಜೇಬಿನಲ್ಲಿಟ್ಟುಕೊಂಡು ಅಲ್ಲೇ ನೆಲದ ಮೇಲೆ ಕೂತರು. ಬಿಟ್ಟ ಜ್ವರ ಮರಳಿ ಬರಬಹುದಾದಂತೆ ‘ರಿಮಿಷನ್’ ಎಂದರೆ ಶಾಶ್ವತ ಗುಣ ಎಂದು ಅರ್ಥವಲ್ಲ, ವೈದ್ಯರು ಹೇಳಿದ ದಿನಕ್ಕೆ ತಪಾಸಣೆಗೆ ಹೋಗಲೇಬೇಕು ಎಂಬುದನ್ನೂ ಅಂದೇ ಹೇಳಿದೆ. ಪದವೊಂದರ ಅರ್ಥ ಗೊತ್ತಿರುವುದು ಎಂಥ ದೊಡ್ಡ ವಿಷಯ ಎಂದು ನನಗೆ ಮನವರಿಕೆಯಾದದ್ದು ಆ ಮಧ್ಯಾಹ್ನ.

ಐದನೆಯ ಹೆಜ್ಜೆ: ‘ಬಿಡು’ ಹೊಂದದಿದ್ದರೆ ‘ಇಡು’ ಪ್ರಯತ್ನಿಸಿ

ಲ್ಯಾಟಿನ್ ಮುಂದೆ ಫ್ರೆಂಚ್ ಆಗುವ ಹೊತ್ತಿಗೆ ಈ ಧಾತುವಿನ ಅರ್ಥ ‘ಕಳುಹಿಸು’ವಿನಿಂದ ‘ಇಡು’ ಎಂಬುದಕ್ಕೆ ಜರುಗಿತು. ಫ್ರೆಂಚಿನ ‘ಮೆತ್ರ್’ ಎಂದರೆ ಇಡು. ಆದ್ದರಿಂದ ಫ್ರೆಂಚಿನ ಹಾದಿಯಲ್ಲಿ ಇಂಗ್ಲಿಷಿಗೆ ಬಂದ, ಕೊನೆಯಲ್ಲಿ ‘ಎಂ-ಐ-ಎಸ್-ಇ’ ಇರುವ ಪದಗಳಿಗೆ ‘ಇಡು’ ಹಚ್ಚಿದರೆ ಬಾಗಿಲು ತೆರೆಯುತ್ತದೆ.

‘ಪ್ರೆಮಿಸ್’ ಎಂದರೆ ಮುಂದಿಟ್ಟದ್ದು. ವಾದ ಮಾಡುವವನು ಮೊದಲು ಮುಂದಿಡುವ ಮಾತು ಅವನ ‘ಪ್ರೆಮಿಸ್’. ಅದೇ ಪದ ಬಹುವಚನದಲ್ಲಿ ‘ಪ್ರೆಮಿಸಸ್’ ಆಗಿ ಕಟ್ಟಡ, ಆವರಣ ಎಂಬ ಅರ್ಥ ಪಡೆದದ್ದು ವಕೀಲರಿಂದ. ಹಳೆಯ ಪತ್ರಗಳಲ್ಲಿ ಆಸ್ತಿಯ ವಿವರವನ್ನು ಮೊದಲೇ ಬರೆದು, ಮುಂದೆ ಮತ್ತೆ ಮತ್ತೆ ‘ಮೇಲೆ ಹೇಳಿದ್ದು’ ಎನ್ನುವುದಕ್ಕೆ ‘ಪ್ರೆಮಿಸಸ್’ ಎಂದು ಬರೆಯುತ್ತಿದ್ದರು. ಮೇಲೆ ಹೇಳಿದ್ದು ಮನೆಯೇ ಆಗಿದ್ದರಿಂದ ಪದವೇ ಮನೆಯಾಯಿತು. ಮುಂಬಯಿಯಲ್ಲಿ ಅಂಗಡಿ, ಕಚೇರಿಗಳ ಕಟ್ಟಡಗಳ ಗೇಟಿನ ಮೇಲೆ ‘ಪ್ರೆಮಿಸಸ್ ಸೊಸೈಟಿ’ ಎಂದು ಬರೆದಿರುವುದನ್ನು ನೋಡಿರುತ್ತೀರಿ.

‘ಡಿಮೈಸ್’ ಎಂದರೆ ಇಂದು ಸಾವು. ಹಿಂದೆ ಅದರ ಅರ್ಥ ಆಸ್ತಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದು. ರಾಜ ಸತ್ತಾಗ ಸಿಂಹಾಸನ ಮುಂದಿನವನಿಗೆ ಹೋಗುವುದನ್ನು ಹಾಗೆ ಕರೆದರು, ಕ್ರಮೇಣ ಸಾವಿಗೇ ಆ ಹೆಸರಾಯಿತು. ಹಳೆಯ ಅರ್ಥ ಗುತ್ತಿಗೆ ಪತ್ರಗಳಲ್ಲಿ ಇನ್ನೂ ಜೀವಂತವಾಗಿದೆ. ಹೋಟೆಲಿಗೆ ಅಂಗಡಿ ಹಿಡಿಯಹೊರಟ ನಮ್ಮ ಹುಡುಗನೊಬ್ಬ ಕರಾರಿನಲ್ಲಿ ‘ಡಿಮೈಸ್ಡ್ ಪ್ರೆಮಿಸಸ್’ ಎಂದು ಕಂಡು, ಆ ಜಾಗದಲ್ಲಿ ಯಾರೋ ತೀರಿಕೊಂಡಿರಬೇಕು ಎಂದು ಹೆದರಿ ಮುಂಗಡ ಕೊಡದೆ ಮರಳಿ ಬಂದಿದ್ದ. ಅದರ ಅರ್ಥ ‘ಗುತ್ತಿಗೆಗೆ ಬಿಟ್ಟುಕೊಟ್ಟ, ಮೇಲೆ ಹೇಳಿದ ಜಾಗ’ ಎಂದಷ್ಟೇ. ಒಂದೇ ಧಾತುವಿನ ಇಬ್ಬರು ಮಕ್ಕಳು ಪಕ್ಕಪಕ್ಕದಲ್ಲಿ ನಿಂತಿದ್ದಾರೆ.

‘ಪ್ರಾಮಿಸ್’ ಎಂದರೆ ಮುಂದಕ್ಕೆ ಬಿಟ್ಟ ಮಾತು. ನಾವೂ ‘ಮಾತು ಕೊಡು’ ಎನ್ನುತ್ತೇವೆ, ನಮ್ಮ ಕೈಯಿಂದ ಅದು ಆಗಲೇ ಹೋಗಿರುತ್ತದೆ. ಜೇಬಿನಿಂದ ನೂರು ರೂಪಾಯಿಯ ನೋಟು ತೆಗೆದು ಓದಿ: ಧಾರಕನಿಗೆ ನೂರು ರೂಪಾಯಿ ಕೊಡಲು ವಚನ ನೀಡುತ್ತೇನೆ ಎಂದು ಹಿಂದಿ, ಇಂಗ್ಲಿಷ್ ಎರಡರಲ್ಲೂ ಇದೆ, ಕೆಳಗೆ ರಿಸರ್ವ್ ಬ್ಯಾಂಕ್ ಗವರ್ನರರ ಸಹಿ ಇದೆ. ಒಂದು ರೂಪಾಯಿಯ ನೋಟಿನಲ್ಲಿ ಈ ವಚನ ಇಲ್ಲ, ಏಕೆಂದರೆ ಅದನ್ನು ಹೊರಡಿಸುವುದು ಭಾರತ ಸರ್ಕಾರ, ಸಹಿ ಹಣಕಾಸು ಕಾರ್ಯದರ್ಶಿಯದು. ಸಾಲಕ್ಕೆ ಬರೆದುಕೊಡುವ ‘ಪ್ರಾಮಿಸರಿ ನೋಟ್’ ಕೂಡ ಇದೇ ಮನೆಯದು.

‘ಕಾಂಪ್ರಮೈಸ್’ ಈ ವಚನಕ್ಕೆ ‘ಜೊತೆಗೆ’ ಸೇರಿದ ರೂಪ. ಇಬ್ಬರು ಜಗಳಗಂಟರು ಪಂಚರ ಮುಂದೆ ನಿಂತು, ನೀವು ಹೇಳಿದ್ದಕ್ಕೆ ಇಬ್ಬರೂ ಬದ್ಧರು ಎಂದು ಒಟ್ಟಿಗೆ ಮಾತು ಕೊಡುವುದೇ ಅದರ ಮೂಲ. ‘ಸರ್ಮೈಸ್’ ಮೊದಲು ಒಬ್ಬರ ಮೇಲೆ ಆರೋಪ ಇಡುವುದಾಗಿತ್ತು, ಈಗ ಬರಿಯ ಊಹೆ.

ಆರನೆಯ ಹೆಜ್ಜೆ: ‘ಕಮಿಟ್’ನ ಮನೆಮಂದಿ

‘ಕಾಮ್’ ಸೇರಿ ‘ಕಮಿಟ್’ ಆದಾಗ ಅರ್ಥ ‘ಒಪ್ಪಿಸಿಬಿಡು’. ಯಾರಿಗೆ ಕೆಲಸ ಒಪ್ಪಿಸಿದ್ದಾರೋ ಅವರು ‘ಕಮಿಟಿ’: ನಿಮ್ಮ ಹೌಸಿಂಗ್ ಸೊಸೈಟಿಯದಾಗಲಿ, ಗಣೇಶೋತ್ಸವದ್ದಾಗಲಿ. ಅಧಿಕಾರ ಒಪ್ಪಿಸಲ್ಪಟ್ಟವರು ‘ಕಮಿಷನರ್’. ವಾಶಿಯ ಮಾರುಕಟ್ಟೆಯಲ್ಲಿ ರೈತ ತನ್ನ ಸರಕನ್ನು ಒಪ್ಪಿಸಿದ ದಲಾಲಿಗೆ ಸಿಗುವ ಪಾಲು ‘ಕಮಿಷನ್’. ತನ್ನನ್ನೇ ಒಂದು ಕೆಲಸಕ್ಕೆ ಒಪ್ಪಿಸಿಕೊಳ್ಳುವುದು ‘ಕಮಿಟ್‌ಮೆಂಟ್’. ಅಪರಾಧ ‘ಕಮಿಟ್’ ಮಾಡುವುದು ಮಾತ್ರ ಈ ಚೌಕಟ್ಟಿಗೆ ಸಲೀಸಾಗಿ ಕೂರುವುದಿಲ್ಲ. ಆ ಅರ್ಥ ಲ್ಯಾಟಿನ್ನಿನಲ್ಲೇ ಬಂದಿತ್ತು, ಅದನ್ನು ಹಾಗೆಯೇ ನೆನಪಿಡಿ.

ಏಳನೆಯ ಹೆಜ್ಜೆ: ಉಪಸರ್ಗವಿಲ್ಲದೆ ಬಂದವರು

‘ಮಿಷನ್’ ಎಂದರೆ ಕಳುಹಿಸುವಿಕೆ. ಧರ್ಮಪ್ರಚಾರಕ್ಕೆ ಹೊರದೇಶಗಳಿಗೆ ಜನರನ್ನು ಕಳುಹಿಸಿದ ಜೆಸ್ವಿಟರಿಂದ, ಅಂದರೆ ಒಂದು ಕ್ಯಾಥೊಲಿಕ್ ಪಾದ್ರಿಗಳ ಸಂಘದವರಿಂದ, ಈ ಪದ ಹರಡಿತು. ಅವರಲ್ಲಿ ಒಬ್ಬರಾದ ಫ್ರಾನ್ಸಿಸ್ ಝೇವಿಯರ್ 1542ರಲ್ಲಿ ಗೋವಾಕ್ಕೆ ಬಂದರು. ನಮಗೆ ಹೆಚ್ಚು ಹತ್ತಿರದವರು 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು. 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಕೊಟ್ಟ ಕಿಟೆಲ್ ‘ಮಿಷನರಿ’ಯಾಗಿ ಕಳುಹಿಸಲ್ಪಟ್ಟವರು. ಕಳುಹಿಸಿದವರ ಉದ್ದೇಶ ಏನೇ ಇರಲಿ, ಕನ್ನಡಕ್ಕೆ ಬಂದು ಸೇರಿದ್ದು ಆ ನಿಘಂಟು.

ಗೋವಾದ ಇಗರ್ಜಿಗಳಲ್ಲಿ ಭಾನುವಾರ ನಡೆಯುವ ಪೂಜೆಗೆ ಇಂಗ್ಲಿಷಿನಲ್ಲಿ ‘ಮಾಸ್’, ಪೋರ್ಚುಗೀಸಿನಲ್ಲಿ ‘ಮಿಸ್ಸಾ’, ನಮ್ಮ ಮಂಗಳೂರಿನ ಕೊಂಕಣಿಯಲ್ಲಿ ‘ಮೀಸ್’. ಲ್ಯಾಟಿನ್ ಪೂಜೆಯ ಕೊನೆಯಲ್ಲಿ ಪಾದ್ರಿ ‘ಇತೆ, ಮಿಸ್ಸಾ ಎಸ್ತ್’ ಎಂದು ಹೇಳಿ ಜನರನ್ನು ಬೀಳ್ಕೊಡುತ್ತಿದ್ದರು: ಹೋಗಿ, ಪೂಜೆ ಬಿಟ್ಟಿತು. ಶಾಲೆ ಬಿಟ್ಟಿತು ಎನ್ನುತ್ತೇವಲ್ಲ, ಹಾಗೆ. ಬೀಳ್ಕೊಡುಗೆಯ ಮಾತೇ ಇಡೀ ಪೂಜೆಯ ಹೆಸರಾಯಿತು. ‘ಕ್ರಿಸ್‌ಮಸ್’ನ ಕೊನೆಯ ತುಂಡೂ ಇದೇ.

ಪುಣೆಯಲ್ಲಿ ಓದುವವರು ದಿನಾ ಹೋಗುವ ‘ಮೆಸ್’ ಕೂಡ ಈ ಕುಟುಂಬದ್ದು ಎಂದರೆ ಮಕ್ಕಳು ನಂಬುವುದಿಲ್ಲ. ಪಂಕ್ತಿಯಲ್ಲಿ ಒಂದಾದ ಮೇಲೆ ಒಂದು ಬಡಿಸಲು ಕಳುಹಿಸುವ ಬಗೆಗೆ ಲ್ಯಾಟಿನ್ನಿನಲ್ಲಿ ‘ಮಿಸ್ಸುಸ್’ ಎಂದರು. ಅದು ಫ್ರೆಂಚಿನ ಮೂಲಕ ಬಂದು ಊಟದ ಪಾಲಾಯಿತು, ಮುಂದೆ ಒಟ್ಟಿಗೆ ಉಣ್ಣುವವರ ಗುಂಪಾಯಿತು, ಈಗ ನಮ್ಮ ಖಾನಾವಳಿಯಾಗಿದೆ. ‘ಮೆಸೇಜ್’ ಎಂದರೆ ಕಳುಹಿಸಿದ ಸುದ್ದಿ, ‘ಮೆಸೆಂಜರ್’ ಅದನ್ನು ಒಯ್ಯುವವನು, ‘ಮಿಸಿವ್’ ಎಂದರೆ ಓಲೆ.

ಎಂಟನೆಯ ಹೆಜ್ಜೆ: ಕಾಗುಣಿತದ ಗಂಟು ಬಿಡಿಸಿ

ಎಷ್ಟು ‘ಎಂ’, ಎಷ್ಟು ‘ಟಿ’ ಎಂಬುದು ಎಲ್ಲರನ್ನೂ ಕಾಡುತ್ತದೆ. ‘ಎಂ’ ಲೆಕ್ಕ ಉಪಸರ್ಗದಿಂದ ಬರುತ್ತದೆ. ‘ಕಾಮ್’ ತನ್ನದೊಂದು ‘ಎಂ’ ತರುತ್ತದೆ, ಆದ್ದರಿಂದ ‘ಕಮಿಟ್’ನಲ್ಲಿ ಎರಡು. ‘ಎಮಿಟ್’, ‘ಒಮಿಟ್’, ‘ರಿಮಿಟ್’ಗಳ ಉಪಸರ್ಗದಲ್ಲಿ ‘ಎಂ’ ಇಲ್ಲ, ಆದ್ದರಿಂದ ಒಂದೇ.

‘ಟಿ’ ಲೆಕ್ಕ ಒತ್ತಿನಿಂದ ಬರುತ್ತದೆ. ಈ ಕ್ರಿಯಾಪದಗಳಲ್ಲಿ ಒತ್ತು ಕೊನೆಯ ‘ಮಿಟ್’ ಮೇಲೆ. ಸ್ವರದಿಂದ ಆರಂಭವಾಗುವ ಪ್ರತ್ಯಯ ಬಂದರೆ ‘ಟಿ’ ಎರಡಾಗುತ್ತದೆ: ಅಡ್ಮಿಟೆಡ್, ಒಮಿಟಿಂಗ್, ರಿಮಿಟೆನ್ಸ್. ‘ಕಮಿಟ್‌ಮೆಂಟ್’ನಲ್ಲಿ ಮುಂದೆ ಬಂದದ್ದು ವ್ಯಂಜನ, ಆದ್ದರಿಂದ ಒಂದೇ ‘ಟಿ’. ‘ಲಿಮಿಟೆಡ್’ನಲ್ಲಿ ಒತ್ತು ಮೊದಲ ಅಕ್ಷರದ ಮೇಲಿದೆ, ಅಲ್ಲಿಯೂ ಒಂದೇ. ‘ಕಮಿಟಿ’ಯನ್ನು ಬೆರಳು ಮಡಿಸುತ್ತ ಹೇಳಿಸಿ: ಸಿ-ಓ, ಎಂ-ಎಂ, ಐ, ಟಿ-ಟಿ, ಇ-ಇ. ‘ಮಿಷನ್’ನಲ್ಲಿ ಕೊನೆಗೊಳ್ಳುವ ಈ ಕುಟುಂಬದ ಎಲ್ಲ ಪದಗಳಲ್ಲೂ ‘ಎಸ್’ ಎರಡು, ತಪ್ಪದೆ.

ಒಂದೇ ಕ್ರಿಯಾಪದಕ್ಕೆ ಎರಡು ಹೆಸರುಗಳಿದ್ದರೆ ಎಚ್ಚರ ಬೇಕು. ‘ಅಡ್ಮಿಷನ್’ ಕಾಲೇಜಿನ ಪ್ರವೇಶಕ್ಕೂ ತಪ್ಪೊಪ್ಪಿಗೆಗೂ ಬರುತ್ತದೆ. ‘ಅಡ್ಮಿಟೆನ್ಸ್’ ಹೆಚ್ಚಾಗಿ ಬಾಗಿಲಿನ ಮೇಲೆ, ಒಳಗೆ ಬಿಡುವುದಿಲ್ಲ ಎನ್ನುವ ಫಲಕದಲ್ಲಿ.

ಒಂಬತ್ತನೆಯ ಹೆಜ್ಜೆ: ನೆಂಟರಲ್ಲದವರನ್ನು ಹೊರಗಿಡಿ

‘ಲಿಮಿಟ್’, ‘ಸಮಿಟ್’, ‘ವಾಮಿಟ್’, ‘ಹರ್ಮಿಟ್’ ನೋಡಲು ಹಾಗೆಯೇ ಇವೆ, ಆದರೆ ಈ ಮನೆಯವಲ್ಲ. ‘ಲಿಮಿಟ್’ ಗಡಿ ಎಂಬ ಲ್ಯಾಟಿನ್ ಪದದಿಂದ, ‘ಸಮಿಟ್’ ಅತ್ಯಂತ ಎತ್ತರದ್ದು ಎಂಬುದರಿಂದ ಬಂದಿವೆ. ‘ಹರ್ಮಿಟ್’ನ ಮೂಲ ಗ್ರೀಕ್. ಗುರುತಿಸುವುದಕ್ಕೆ ನಾನು ‘ಮಿಷನ್ ಪರೀಕ್ಷೆ’ ಹೇಳಿಕೊಡುತ್ತೇನೆ: ‘ಮಿಟ್’ ತೆಗೆದು ‘ಮಿಷನ್’ ಹಾಕಿ ನೋಡಿ. ‘ಪರ್ಮಿಷನ್’ ಇದೆ, ‘ಲಿಮಿಷನ್’ ಇಲ್ಲ.

‘ಮಿಸ್ಟೇಕ್’, ‘ಮಿಸ್‌ಯೂಸ್’ಗಳ ‘ಮಿಸ್’ ತಪ್ಪು ಎನ್ನುವ ಜರ್ಮಾನಿಕ್ ಉಪಸರ್ಗ. ಗಾಡಿ ‘ಮಿಸ್’ ಆಗುವುದೂ ಆ ಕಡೆಯದೇ. ಶಾಲೆಯ ‘ಮಿಸ್’ ಎಂಬುದು ‘ಮಿಸ್ಟ್ರೆಸ್’ನ ಮೊಟಕು.

ಅಭ್ಯಾಸ ಹೀಗೆ ಮಾಡಿ

ಮೊದಲ ವಾರ ಹೊಸ ಪದ ಕಲಿಯಬೇಡಿ. ನೋಟುಪುಸ್ತಕ ಜೇಬಿನಲ್ಲಿಟ್ಟುಕೊಂಡು ಮನೆಯಿಂದ ಕೆಲಸದ ಜಾಗದವರೆಗೆ ಕಣ್ಣಿಗೆ ಬಿದ್ದ ‘ಮಿಟ್–ಮಿಸ್’ ಪದಗಳನ್ನು ಬರೆದುಕೊಳ್ಳಿ. ರಿಕ್ಷಾದ ಪರ್ಮಿಟ್, ಕ್ಲಾಸಿನ ಅಡ್ಮಿಷನ್ ಜಾಹೀರಾತು, ಬ್ಯಾಂಕಿನ ಫಾರ್ಮು, ಸೊಸೈಟಿಯ ನೋಟಿಸು, ಫೋನಿನ ಮೆಸೇಜು. ಡೊಂಬಿವಲಿಯಿಂದ ಫೋರ್ಟ್‌ವರೆಗಿನ ಒಂದು ಪ್ರಯಾಣದಲ್ಲಿ ನಮ್ಮ ಹುಡುಗನೊಬ್ಬ ಹದಿನಾಲ್ಕು ಪದ ಹಿಡಿದು ತಂದ.

ಎರಡನೆಯ ವಾರ ಆ ಪದಗಳನ್ನು ಸೀಳಿ. ಪ್ರತಿಯೊಂದಕ್ಕೂ ಮೂರು ಪ್ರಶ್ನೆ ಕೇಳಿ: ಬಿಡುವವರು ಯಾರು, ಬಿಟ್ಟದ್ದು ಏನು, ಯಾವ ಕಡೆಗೆ? ಉತ್ತರವನ್ನು ಕನ್ನಡದಲ್ಲೇ ಬರೆಯಿರಿ. ‘ಬಿಡು’ ಹೊಂದದಿದ್ದರೆ ‘ಕಳುಹಿಸು’, ಅದೂ ಹೊಂದದಿದ್ದರೆ ‘ಇಡು’. ಮೂರೂ ಹೊಂದದಿದ್ದರೆ ಅದು ನೆಂಟನಲ್ಲದ ಪದವಾಗಿರಬಹುದು, ಮಿಷನ್ ಪರೀಕ್ಷೆ ಮಾಡಿ.

ಮೂರನೆಯ ವಾರ ದಿನಕ್ಕೆ ಎರಡು ಪದ ಬಳಸಿ ನಿಮ್ಮ ಮನೆಯ ವಿಷಯವನ್ನೇ ಇಂಗ್ಲಿಷಿನಲ್ಲಿ ಎರಡು ವಾಕ್ಯ ಬರೆಯಿರಿ. ಪುಸ್ತಕದ ವಾಕ್ಯ ಬೇಡ. ಆ ಮೊದಲ ಪ್ರಶ್ನೆ ಕೇಳಿದ ಹುಡುಗಿ ಬರೆದು ತಂದ ವಾಕ್ಯದಲ್ಲಿ ಅಜ್ಜಿಯನ್ನು ಸೋಮವಾರ ‘ಅಡ್ಮಿಟ್’ ಮಾಡಿದ್ದರು, ಗುರುವಾರ ಜ್ವರ ‘ರಿಮಿಟ್’ ಆಗಿತ್ತು, ಶನಿವಾರ ವೈದ್ಯರು ಮನೆಗೆ ಹೋಗಲು ‘ಪರ್ಮಿಟ್’ ಮಾಡಿದ್ದರು. ಮೂರು ಕಡೆಯೂ ‘ಟಿ’ ಎರಡೆರಡು ಸರಿಯಾಗಿಯೇ ಇತ್ತು.